ಒಂದು ಖೋಲಿಗೆ ಎಷ್ಟು ಮಂದಿ

ಲಾಡ್ಜಿನ ಕೆಲಸಕ್ಕೆ ಸೇರಿದವರಿಗೆ ಈಗ ಮೊದಲ ದಿನ ನಗುವುದನ್ನು ಕಲಿಸುತ್ತಾರಂತೆ. ಬೀದರಿನ ಚಿದ್ರಿಯಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿ ಅಂಥದೊಂದು ತರಬೇತಿ ಮುಗಿಸಿ ಬಂದು, ಕೌಂಟರಿನ ಹಿಂದೆ ಹೇಗೆ ನಿಲ್ಲಬೇಕು, ಕೈ ಎಲ್ಲಿಟ್ಟುಕೊಳ್ಳಬೇಕು ಎಂದು ನಮ್ಮ ಅಡುಗೆಮನೆಯಲ್ಲೇ ನಿಂತು ತೋರಿಸಿದಳು. ಚೆನ್ನಾಗಿಯೇ ನಿಂತಳು. ಆಮೇಲೆ, ‘ದೊಡ್ಡವ್ವ, ನೀವು ಇಪ್ಪತ್ತೆಂಟು ವರ್ಷ ಮಾಡೀರಿ. ಎಲ್ಲಾದಕ್ಕಿಂತ ಕಠಿಣ ಯಾವ್ದಿತ್ರಿ?’ ಎಂದು ಕೇಳಿದಳು.

‘ಒಂದು ಖೋಲ್ಯಾಗ ಒಂದು ಮನಿತನ ಹಿಡಿಸೋದು’ ಎಂದೆ.

‘ಅದೇನು ಕಠಿಣರಿ? ಮೂರು ಮಂದಿಗಿಂತ ಹೆಚ್ಚಿದ್ರ ಎರಡನೇ ಖೋಲಿ ಕೊಡಬೇಕು’ ಎಂದಳು.

ನಾನೂ ಅವಳ ವಯಸ್ಸಿನಲ್ಲಿ ಹಾಗೆಯೇ ತಿಳಿದಿದ್ದೆ. ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ಭಾಲ್ಕಿಯಲ್ಲಿ. ಮದುವೆಯಾಗಿ ಬೀದರಿಗೆ ಬಂದೆ. ಮಗಳು ಶಾಲೆಗೆ ಹೋಗತೊಡಗಿದ ಮೇಲೆ, ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿದ್ದ ಮೂರು ಮಹಡಿಯ ಒಂದು ಲಾಡ್ಜಿನಲ್ಲಿ ಚಾದರ, ದಿಂಬು, ಗಾದಿ ನೋಡಿಕೊಳ್ಳುವ ಕೆಲಸಕ್ಕೆ ಸೇರಿದೆ. ಎರಡು ವರ್ಷದಲ್ಲಿ ಕೌಂಟರಿಗೆ ಕೂರಿಸಿದರು. ಬೆಳಗಿನ ಏಳರಿಂದ ಸಂಜೆ ದೀಪ ಹಚ್ಚುವವರೆಗೆ ನನ್ನ ಪಾಳಿ. ನಮ್ಮಲ್ಲಿಗೆ ಕೋಟೆ ನೋಡುವವರು, ಗುರುದ್ವಾರಕ್ಕೆ ಬಂದವರು, ಝರಣಿ ನರಸಿಂಹನ ಹರಕೆಯವರು ಎಲ್ಲರೂ ಬರುತ್ತಿದ್ದರು. ಆದರೆ ಅರ್ಧಕ್ಕಿಂತ ಹೆಚ್ಚು ಮಂದಿ ದವಾಖಾನೆಗೆ ಬಂದವರು. ಔರಾದ್ ಕಡೆಯ ಹಳ್ಳಿಗಳಿಂದ ಒಬ್ಬರನ್ನು ದಾಖಲು ಮಾಡಲು ಏಳೆಂಟು ಮಂದಿ ಬರುವುದು ಸಾಮಾನ್ಯ. ವಾರ್ಡಿನಲ್ಲಿ ರೋಗಿಯ ಜೊತೆ ಒಬ್ಬರಿಗಷ್ಟೇ ಜಾಗ. ಉಳಿದವರು ನಮ್ಮ ಕೌಂಟರಿನ ಮುಂದೆ ಗಂಟುಮೂಟೆ ಇಳಿಸುತ್ತಿದ್ದರು.

ನಮ್ಮ ಮ್ಯಾನೇಜರು ಕರೀಮ್ ಸಾಬರು. ತೆಳ್ಳಗಿನ ಮೈ, ಸದಾ ಇಸ್ತ್ರಿ ಮಾಡಿದ ಬಿಳಿ ಅಂಗಿ. ಮನೆಯಲ್ಲಿ ದಖ್ಖನಿ ಉರ್ದು ಮಾತಾಡುತ್ತಿದ್ದರು, ನಮ್ಮೊಡನೆ ಅಚ್ಚ ಬೀದರಿನ ಕನ್ನಡ. ಒಂದು ಖೋಲಿಗೆ ಮೂವರು ಎಂಬ ನಿಯಮ ಮಾಲಕರದು. ಕರೀಮ್ ಸಾಬರು ಅದನ್ನು ಕಂಡೂ ಕಾಣದಂತೆ ಇರುತ್ತಿದ್ದರು. ಅವರು ರಜೆಯಲ್ಲಿದ್ದ ಒಂದು ದಿನ ನಾನು ಆ ನಿಯಮವನ್ನು ಚಾಚೂ ತಪ್ಪದೆ ನಡೆಸಿದೆ.

ಔರಾದ್ ಕಡೆಯ ಎಕಂಬಾ ಎಂಬ ಹಳ್ಳಿಯಿಂದ ಒಂದು ಕುಟುಂಬ ಬಂದಿತ್ತು. ಬಸವರಾಜ ಎಂಬ ರೈತ, ಅವನ ಹೆಂಡತಿ ಮಹಾದೇವಿ, ಮೂವರು ಹೆಣ್ಣುಮಕ್ಕಳು, ವಿಧವೆ ಸೋದರತ್ತೆ, ಮತ್ತು ಬಸವರಾಜನ ತಂದೆ ಶಿವಲಿಂಗಪ್ಪ. ಒಟ್ಟು ಏಳು ಮಂದಿ. ಶಿವಲಿಂಗಪ್ಪನವರ ಹೆಂಡತಿ ನೀಲಮ್ಮ ಹೃದಯದ ತೊಂದರೆಯಿಂದ ದವಾಖಾನೆಯಲ್ಲಿದ್ದರು. ಬಸವರಾಜ ಕೈ ಮುಗಿದ. ‘ಬಾಯಿ, ಒಂದೇ ಖೋಲಿ ಕೊಡ್ರಿ. ಹ್ಯಾಂಗರ ಹೊಂದಿಕೋತೇವಿ. ಅಪ್ಪಗ ಕಿವಿ ಕೇಳಂಗಿಲ್ಲ, ಒಬ್ಬಂವ ಎಂದೂ ಮಲಗಿಲ್ಲ.’

ನಾನು ಒಪ್ಪಲಿಲ್ಲ. ಮೂವರು ಮಕ್ಕಳು ಚಿಕ್ಕವರು, ಅವರನ್ನು ಬೇಕಾದರೆ ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದರೆ ದೊಡ್ಡವರು ನಾಲ್ವರಾದರಲ್ಲ ಎಂದೆ. ಅಜ್ಜನನ್ನು ಕೆಳಗಿನ ಸಣ್ಣ ಖೋಲಿಗೆ, ಉಳಿದವರನ್ನು ಮೇಲಿನ ಮಹಡಿಗೆ ಹಾಕಿದೆ. ಅಜ್ಜನಿಗೆ ಮಹಡಿ ಹತ್ತುವುದು ತಪ್ಪಿತೆಂದು ನನಗೆ ನನ್ನ ಜಾಣತನದ ಬಗ್ಗೆ ಹೆಮ್ಮೆಯೂ ಆಯಿತು. ನಾನೇ ಕೈ ಹಿಡಿದು ಕರೆದೊಯ್ದು ಹಾಸಿಗೆ ತೋರಿಸಿ, ಸ್ವಲ್ಪ ಮಲಗಿರಿ ಎಂದು ಸನ್ನೆ ಮಾಡಿ ಬಾಗಿಲು ಎಳೆದುಕೊಂಡು ಬಂದೆ. ಆ ತಿಂಗಳಷ್ಟೇ ಎಲ್ಲ ಬಾಗಿಲುಗಳಿಗೂ ದುಂಡನೆಯ ಹಿತ್ತಾಳೆ ಬಣ್ಣದ ಹಿಡಿಕೆ ಹಾಕಿಸಿದ್ದರು. ಎಳೆದರೆ ಸಾಕು, ತಾನಾಗಿ ಬೀಗ ಬೀಳುತ್ತಿತ್ತು.

ದವಾಖಾನೆಯಲ್ಲಿ ಭೇಟಿಯ ಸಮಯ ನಾಲ್ಕು ಗಂಟೆಗೆ. ಮೂರೂವರೆಗೆ ಬಸವರಾಜ ಇಳಿದು ಬಂದು ಅಪ್ಪನ ಬಾಗಿಲು ಬಡಿದ. ಉತ್ತರವಿಲ್ಲ. ಅದೇ ಹೊತ್ತಿಗೆ ಹುಮನಾಬಾದ್ ಕಡೆಯಿಂದ ಒಂದು ಮದುವೆಯ ಬೀಗರು ಬಂದು ಕೌಂಟರು ಮುತ್ತಿಕೊಂಡಿದ್ದರು. ಬಸವರಾಜ ದೂರದಿಂದಲೇ, ‘ಬಾಯಿ, ಅಪ್ಪಗ ನೋಡೀರೇನ್ರಿ?’ ಎಂದು ಕೂಗಿದ.

ಬಿಳಿ ರುಮಾಲಿನ ಒಬ್ಬ ಮುದುಕರು ಆಗಷ್ಟೇ ಗೇಟು ದಾಟಿದ್ದನ್ನು ನಾನು ಕಂಡಿದ್ದೆ. ‘ಹಿರ್ಯಾರು ಮುಂದ ಹೋದ್ರಲ್ರಿ’ ಎಂದೆ. ತಲೆ ಎತ್ತಿ ಇನ್ನೊಮ್ಮೆ ನೋಡಲಿಲ್ಲ. ಎದ್ದು ಹೋಗಿ ಆ ಬಾಗಿಲು ತೆರೆಯಲಿಲ್ಲ.

ಸಂಜೆ ಬಸವರಾಜ ಓಡುತ್ತ ಬಂದ. ‘ಅಪ್ಪ ಎಲ್ಲಿದ್ದಾನ್ರಿ? ಅಲ್ಲಿಗೆ ಬಂದೇ ಇಲ್ಲ. ಅವ್ವ ಅವನ್ನೇ ಕೇಳಕೋತ ಕೇಳಕೋತ...’ ಮಾತು ಅಲ್ಲಿಗೇ ನಿಂತಿತು. ನಾನು ಹೆಚ್ಚಿನ ಬೀಗದಕೈ ತೆಗೆದುಕೊಂಡು ಓಡಿ ಬಾಗಿಲು ತೆರೆದೆ.

ಶಿವಲಿಂಗಪ್ಪನವರು ಮಂಚದ ತುದಿಯಲ್ಲಿ ಕುಳಿತಿದ್ದರು. ರುಮಾಲು ಸುತ್ತಿಕೊಂಡಿದ್ದರು, ಚಪ್ಪಲಿ ಮೆಟ್ಟಿದ್ದರು, ತೊಡೆಯ ಮೇಲೆ ಹೆಂಡತಿಗೆಂದು ತಂದ ಎರಡು ಮೂಸಂಬಿಯ ಚೀಲ. ಬಾಗಿಲಿನ ಕಡೆಗೇ ಮುಖ. ನಮ್ಮನ್ನು ನೋಡಿ ಎದ್ದು ನಿಂತು, ‘ಬಾಗಲಾ ತೆಗಿಯಾಕ ಬರಲಿಲ್ಲಪಾ. ಜಗ್ಗಿದೆ, ನೂಕಿದೆ. ಭೇಟಿ ಟೈಮ್ ಆತೇನು?’ ಎಂದರು.

ಕಿವಿ ಕೇಳದವರಿಗೆ ಮೆಲ್ಲಗೆ ಹೇಳಲು ಬರುವುದಿಲ್ಲ. ಬಸವರಾಜ ತಂದೆಯ ಭುಜ ಹಿಡಿದು ಕಿವಿಯ ಬಳಿ ಬಾಯಿಟ್ಟು, ಅವ್ವ ಹೋದಳೆಂದು ಕೂಗಬೇಕಾಯಿತು. ಮೊದಲ ಸಲ ಅವರಿಗೆ ತಿಳಿಯಲಿಲ್ಲ. ಎರಡನೆಯ ಸಲ ಇನ್ನೂ ಜೋರಾಗಿ ಕೂಗಿದ. ಆ ಕೂಗಿಗೆ ಪಡಸಾಲೆಯುದ್ದ ಬೇರೆ ಬೇರೆ ಬಾಗಿಲುಗಳು ತೆರೆದವು. ಅಜ್ಜ ಅಳಲಿಲ್ಲ. ಕೈಯಲ್ಲಿದ್ದ ಚೀಲವನ್ನು ನನ್ನ ಕೈಗೆ ಕೊಟ್ಟು ಮಗನ ಹಿಂದೆ ನಡೆದು ಹೋದರು.

ಮರುದಿನ ಕರೀಮ್ ಸಾಬರು ಎಲ್ಲ ಕೇಳಿಸಿಕೊಂಡರು. ಬೈಯುತ್ತಾರೆಂದು ನಿಂತಿದ್ದೆ. ಬೈದಿದ್ದರೆ ಹಗುರಾಗುತ್ತಿತ್ತು. ‘ಮೂರನೇ ದಿವಸಕ್ಕ ಎಕಂಬಾಕ್ಕ ಹೋಗಾಣ. ನೀನೂ ಬಾ’ ಎಂದರು.

‘ನಾ ಹ್ಯಾಂಗ ಮಾರಿ ತೋರಿಸ್ಲಿರಿ?’

‘ಮಾರಿ ತೋರಸಲಿಕ್ಕೇ ಹೋಗೋದು, ಬೇಟಿ.’

ಔರಾದಿನ ತನಕ ಬಸ್ಸು, ಅಲ್ಲಿಂದ ಮುಂದೆ ಟಂಟಂ ಆಟೊ. ದಾರಿಯುದ್ದ ತೊಗರಿಯ ಹೊಲ ಹೂವಿಗೆ ಬಂದಿತ್ತು. ನನಗೆ ಯಾವುದೂ ಸರಿಯಾಗಿ ಕಾಣಲಿಲ್ಲ. ಅಂಗಳದಲ್ಲಿ ಜನ ಕುಳಿತಿದ್ದರು. ಮಹಾದೇವಿ ಒಳಗಿನಿಂದ ನೀರು ತಂದು ಕರೀಮ್ ಸಾಬರ ಮುಂದೆ ಇಟ್ಟಳು. ನನ್ನ ಮುಂದೆ ಇಡಲಿಲ್ಲ. ‘ಒಂದೇ ಖೋಲಿ ಕೊಡ್ರಿ ಅಂತ ಕೈ ಮುಗದಿದ್ವಿ’ ಎಂದಷ್ಟೇ ಹೇಳಿ ಒಳಗೆ ಹೋದಳು.

ಶಿವಲಿಂಗಪ್ಪನವರು ನನ್ನ ಗುರುತು ಹಿಡಿದು ಹತ್ತಿರ ಕರೆದರು. ಕಾಲಿಗೆ ಬೀಳಲು ಹೋದೆ, ತಡೆದರು. ‘ಆ ಬಾಗಲಾ ಹ್ಯಾಂಗ ತೆಗೀತದವ್ವ? ತೋರಸು ನನಗ’ ಎಂದರು.

ನಾನು ಗಾಳಿಯಲ್ಲಿ ಕೈ ಚಾಚಿ, ಹಿಡಿಕೆ ಹಿಡಿದಂತೆ ಮಾಡಿ ಮುಂಗೈ ತಿರುಗಿಸಿದೆ. ಅವರು ತಮ್ಮ ಕೈಯನ್ನೂ ಚಾಚಿ ಹಾಗೆಯೇ ಒಮ್ಮೆ ತಿರುಗಿಸಿ ನೋಡಿದರು.

‘ಇಷ್ಟೇ ಏನು?’

ನಾನು ತಲೆಯಾಡಿಸಿದೆ. ಅವರು ಬಹಳ ಹೊತ್ತು ತಮ್ಮ ಅಂಗೈಯನ್ನೇ ನೋಡುತ್ತ ಕುಳಿತರು.

ತಿರುಗಿ ಬರುವಾಗ ಔರಾದ್ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕರೀಮ್ ಸಾಬರು ಬಾಯಿಬಿಟ್ಟರು. ‘ಎಷ್ಟು ಮಂದಿ ಅಂತ ಕೇಳೋದು ಮಾಲಕರ ಕೆಲಸ. ಯಾರ್ಯಾರು ಅಂತ ಕೇಳೋದು ನಮ್ಮ ಕೆಲಸ. ಅವತ್ತು ನೀ ಯಾರ್ಯಾರು ಅಂತ ಕೇಳಿದ್ದಿ ಅಂದ್ರ ಅವನೇ ಎಲ್ಲಾ ಹೇಳ್ತಿದ್ದ.’

‘ಹೇಳಿದ್ದನ್ರಿ’ ಎಂದೆ. ‘ನಾನೇ ಕೇಳಸಕೊಳ್ಳಲಿಲ್ಲ.’



ಅದಾದ ವಾರವೇ ಅವರು ಮಾಲಕರ ಮುಂದೆ ಕುಳಿತು ಹಟ ಹಿಡಿದು ಮೂರು ಬದಲಾವಣೆ ಮಾಡಿಸಿದರು. ಕೆಳಗಿನ ಮಹಡಿಯ ಎರಡು ಖೋಲಿಗಳ ನಡುವಿನ ಗೋಡೆ ತೆಗೆಸಿ ಒಂದು ದೊಡ್ಡ ಖೋಲಿ ಮಾಡಿಸಿದರು. ಕೆಳಗಿನ ಬಾಗಿಲುಗಳಿಗೆ ಹಳೆಯ ಅಗಳಿಯನ್ನೇ ಮತ್ತೆ ಹಾಕಿಸಿದರು. ಮತ್ತು ಯಾವ ಅತಿಥಿಯನ್ನೇ ಒಳಗೆ ಬಿಟ್ಟರೂ, ಅವರ ಕೈಯಿಂದಲೇ ಬಾಗಿಲು ಒಮ್ಮೆ ಹಾಕಿಸಿ ಒಮ್ಮೆ ತೆಗೆಸಿ ನೋಡಿದ ಮೇಲೆಯೇ ನಾವು ಹೊರಡಬೇಕು. ಕೆಲವರು ಇದಕ್ಕೆ ನಗುತ್ತಿದ್ದರು. ನಗಲಿ ಎಂದುಕೊಂಡೆ.

ಖೋಲಿಯಲ್ಲಿ ಜನರನ್ನು ಹೊಂದಿಸುವುದನ್ನು ನನಗೆ ಅವರೇ ಕಲಿಸಿದರು. ಮೊದಲು ಸಾಮಾನು, ಆಮೇಲೆ ಮನುಷ್ಯರು. ಗಂಟುಗಳೆಲ್ಲ ಮಂಚದ ಕೆಳಗೆ ಹೋಗಬೇಕು, ಕಿಟಕಿಗೆ ಅಡ್ಡ ಒಂದೂ ಇರಬಾರದು. ಮಂಚಗಳನ್ನು ಒಂದು ಗೋಡೆಗೆ ಕೂಡಿಸಿದರೆ ನೆಲದಲ್ಲಿ ನಾಲ್ಕು ಗಾದಿಗೆ ಜಾಗ. ಮುದುಕರು ಬಚ್ಚಲಿನ ಹತ್ತಿರ, ಅವರ ದಾರಿಯಲ್ಲಿ ಯಾರ ಕಾಲೂ ಚಾಚಿರಬಾರದು. ಹಸುಗೂಸಿನ ತಾಯಿ ಪಂಖದ ಗಾಳಿಯ ನೇರಕ್ಕೆ ಬೇಡ, ಗೋಡೆಯ ಮಗ್ಗುಲಿಗೆ ಇರಲಿ. ಸೊಸೆ ಮಾವ ಒಂದೇ ಖೋಲಿಯಲ್ಲಿದ್ದರೆ ನಡುವೆ ಹಗ್ಗ ಕಟ್ಟಿ ಚಾದರ ಇಳಿಬಿಡಬೇಕು, ಅದನ್ನು ಅವರು ಬಾಯಿಬಿಟ್ಟು ಕೇಳುವುದಿಲ್ಲ, ನಾವೇ ಕಟ್ಟಿಡಬೇಕು.

ಮಾಲಕರ ನಿಯಮ ಸುಮ್ಮನೆ ಹುಟ್ಟಿದ್ದಲ್ಲ ಎಂಬುದನ್ನೂ ಹೇಳಬೇಕು. ದೊಡ್ಡ ಖೋಲಿ ಆದ ಮೊದಲ ಬೇಸಗೆಯಲ್ಲಿ, ಹಳೆಯ ತಪ್ಪು ನೆನೆದು ನಾನು ಯಾರಿಗೂ ಇಲ್ಲ ಎನ್ನಲಾರದವಳಾಗಿದ್ದೆ. ಮನ್ನಳ್ಳಿಯಿಂದ ಬಂದ ಹದಿನಾಲ್ಕು ಮಂದಿಯನ್ನು ಅದರಲ್ಲಿ ತುಂಬಿದೆ. ಮಧ್ಯಾಹ್ನ ಕರೆಂಟು ಹೋಯಿತು. ಅವರ ಬಸುರಿ ಸೊಸೆ ಸೆಕೆಗೆ ತಲೆ ತಿರುಗಿ ಬಿದ್ದಳು, ಅವಳನ್ನು ಹೊರಗೆ ತರಲು ಹಾಸಿಗೆ, ಪೆಟ್ಟಿಗೆ, ಮಕ್ಕಳನ್ನು ದಾಟಬೇಕಾಯಿತು. ಅವಳಿಗೂ ಹೊಟ್ಟೆಯಲ್ಲಿನ ಕೂಸಿಗೂ ಏನೂ ಆಗಲಿಲ್ಲ. ಕರೀಮ್ ಸಾಬರು ಅವತ್ತು ಬೈದರು. ‘ದಯಾ ಮಾಡೋದಂದ್ರ ಉಸರು ಕಟ್ಟಸೋದಲ್ಲ’ ಎಂದರು. ಅಲ್ಲಿಂದ ಎಂಟಕ್ಕಿಂತ ಹೆಚ್ಚು ಮಂದಿಯನ್ನು ಆ ಖೋಲಿಗೆ ನಾನು ಬಿಟ್ಟಿಲ್ಲ.

ಕರೀಮ್ ಸಾಬರು ಕೆಲಸ ಬಿಟ್ಟ ಮೇಲೆ ಕಾಲ ಬೇಗ ಬೇಗ ಬದಲಾಯಿತು. ದಪ್ಪ ರಿಜಿಸ್ಟರು ಹೋಗಿ ಕಂಪ್ಯೂಟರು ಬಂತು. ಮೊಬೈಲಿನಲ್ಲೇ ಖೋಲಿ ಹಿಡಿಯುವುದು ಬಂತು. ಅದರಲ್ಲಿ ಎಷ್ಟು ಮಂದಿ ಎಂದು ಕೇಳುವ ಜಾಗವಿದೆ, ಯಾರ್ಯಾರು ಎಂದು ಹೇಳುವ ಜಾಗವಿಲ್ಲ. ಜನ ಹೆದರಿ ಕಡಿಮೆ ಬರೆಯುತ್ತಾರೆ. ಒಮ್ಮೆ ಮೂವರೆಂದು ಬರೆದ ಒಂದು ಕುಟುಂಬ ಬಂದು ಒಳಗೆ ಹೋಯಿತು. ಕ್ಯಾಮೆರಾದ ಪರದೆಯಲ್ಲಿ ಎದುರಿನ ಮುಚ್ಚಿದ ಅಂಗಡಿಯ ಮೆಟ್ಟಿಲು ಕಾಣುತ್ತಿತ್ತು. ಅಲ್ಲಿ ಒಬ್ಬ ಅಜ್ಜಿ ಗಂಟು ಹಿಡಿದುಕೊಂಡು ನಮ್ಮ ಗೇಟನ್ನೇ ನೋಡುತ್ತಿದ್ದರು. ಅರ್ಧ ತಾಸು ಆಯಿತು, ಬಿಸಿಲು ಅವರ ಮೈಮೇಲೆ ಬಂತು. ನಾನೇ ರಸ್ತೆ ದಾಟಿ ಹೋದೆ.

‘ಯಾರ ಪೈಕಿ ಅವ್ವ?’

‘ಯಾರ ಪೈಕೀನೂ ಅಲ್ಲ’ ಎಂದರು ಅಜ್ಜಿ, ಹೇಳಿಕೊಟ್ಟ ಪಾಠ ಒಪ್ಪಿಸುವಂತೆ. ‘ನಾ ಬಸ್ಸಿಗಿ ಕುಂತೀನಿ.’

‘ಮಗ ಒಳಗ ಹೋಗ್ಯಾನ. ನೀವೂ ಬರ್ರಿ’ ಎಂದು ಗಂಟು ಎತ್ತಿಕೊಂಡೆ. ಆ ಮಗ ನನ್ನ ಜೊತೆ ತಾಯಿಯನ್ನು ಕಂಡು ತಲೆ ಎತ್ತಲಿಲ್ಲ. ನಾನು ಒಂದು ಗಾದಿ ಹೆಚ್ಚಿಗೆ ಕಳಿಸಿದೆ. ಸ್ವಂತ ತಾಯಿಯನ್ನು ಯಾರೂ ಅಲ್ಲ ಎನ್ನಿಸುವಷ್ಟು ನಮ್ಮ ಕೌಂಟರಿಗೆ ಜನ ಹೆದರುತ್ತಾರೆ ಎಂಬುದು ಅವತ್ತು ತಿಳಿಯಿತು.

ಈಗ ನನ್ನ ಕೆಲಸದ ಕೊನೆಯ ವರ್ಷದ ಸಂಗತಿ.

ಭಾಲ್ಕಿಯ ಭಾಗೀರಥಿಬಾಯಿ ಎಂಬ ತಾಯಿ, ಅವರ ನಾಲ್ವರು ಮಕ್ಕಳು ನಮ್ಮ ಕೌಂಟರಿನ ಮುಂದೆ ಸೇರಿದರು. ಹಿರಿಯ ಮಗ ವೈಜಿನಾಥ ಭಾಲ್ಕಿಯಲ್ಲೇ ಬಟ್ಟೆ ಅಂಗಡಿಯವನು, ಐವತ್ತು ದಾಟಿದ ಭಾರಿ ಆಳು. ಎರಡನೆಯ ಮಗ ಶಿವರಾಜ ಪುಣೆಯ ಕಡೆ ಕಾರ್ಖಾನೆಯಲ್ಲಿ ಫಿಟ್ಟರು. ಕಮಲಾ, ಸುನಂದಾ ಮದುವೆಯಾದ ಹೆಣ್ಣುಮಕ್ಕಳು. ಮರುದಿನ ಬೆಳಿಗ್ಗೆ ತಾಯಿಗೆ ಹೊಟ್ಟೆಯ ಆಪರೇಶನ್ನು. ನಾನು ಯಾರ್ಯಾರು ಎಂದು ಕೇಳುತ್ತಿದ್ದಂತೆ ಸುನಂದಾ ಕೌಂಟರಿನ ಮೇಲೆ ಬಾಗಿ ಮೆಲ್ಲಗೆ ಹೇಳಿದಳು. ಹನ್ನೆರಡು ವರ್ಷದ ಹಿಂದೆ ಅಪ್ಪ ತೀರಿಕೊಂಡಾಗ, ಶಿವರಾಜ ಪುಣೆಯಿಂದ ಬರುವ ಮೊದಲೇ ವೈಜಿನಾಥ ಮಣ್ಣು ಮಾಡಿ ಮುಗಿಸಿದ್ದ. ಶಿವರಾಜ ಬಂದು ಊರ ಜನರ ಮುಂದೆ ಅಣ್ಣನ ಅಂಗಿಗೆ ಕೈ ಹಾಕಿದ್ದ. ಅಂದಿನಿಂದ ಇಬ್ಬರ ನಡುವೆ ಒಂದು ಮಾತಿಲ್ಲ. ಇಬ್ಬರೂ ತಾಯಿಯ ಆಪರೇಶನ್ನಿಗೆಂದು ಬಂದಿದ್ದರು, ಬೇರೆ ಬೇರೆ ಬಸ್ಸಿನಲ್ಲಿ.

ಶಿವರಾಜ ಮುಂದೆ ಬಂದು, ‘ಎರಡು ಖೋಲಿ ಕೊಡ್ರಿ. ಅವರು ಇರೋ ಖೋಲ್ಯಾಗ ನಾ ಇರಂಗಿಲ್ಲ’ ಎಂದ. ವೈಜಿನಾಥ ಗೋಡೆಯ ಕಡೆ ನೋಡುತ್ತಿದ್ದ.

ಕುರ್ಚಿಯಲ್ಲಿ ಕುಳಿತಿದ್ದ ತಾಯಿ ನನ್ನನ್ನು ನೋಡಿದರು. ‘ಒಂದೇ ಇರಲೆವ್ವ’ ಎಂದರು, ಬಹಳ ಸಣ್ಣ ದನಿಯಲ್ಲಿ. ‘ನನ್ನ ನಾಕೂ ಮಕ್ಕಳು ಒಂದು ಸೂರಿನ ಕೆಳಗ ಮಲಗಿ ಹನ್ನೆರಡು ವರ್ಷ ಆತು. ನಾಳಿ ನಂದು ಹ್ಯಾಂಗೋ ಏನೋ.’

ಅಂದು ಬಸವರಾಜ ಒಂದು ಖೋಲಿ ಬೇಡಿದ್ದ, ನಾನು ಎರಡು ಎಂದಿದ್ದೆ. ಈಗ ಬೇಡಿಕೆ ತಿರುಗಿತ್ತು.

‘ಒಂದೇ ಖೋಲಿ ಖಾಲಿ ಅದ್ರಿ’ ಎಂದೆ. ‘ಕೆಳಗಿನ ದೊಡ್ಡದು. ಬ್ಯಾರೆ ಎಲ್ಲಾ ತುಂಬ್ಯಾವ.’

ಶಿವರಾಜ ನನ್ನ ಮುಖ ನೋಡಿದ. ಆಮೇಲೆ ನನ್ನ ಹೆಗಲ ಮೇಲಿಂದ ಹಿಂದಿನ ಹಲಗೆಯನ್ನು ನೋಡಿದ. ಅಲ್ಲಿ ಖಾಲಿ ಖೋಲಿಗಳ ಬೀಗದಕೈಗಳು ತೂಗುತ್ತಿದ್ದವು, ಐದೋ ಆರೋ ಇರಬೇಕು. ಅವುಗಳನ್ನು ಅವನು ಒಂದೊಂದಾಗಿ ನೋಡಿದ್ದು ನನಗೆ ಗೊತ್ತಾಯಿತು. ಅವನು ತಿರುಗಿ ತಾಯಿಯನ್ನು ನೋಡಿದ. ಆಮೇಲೆ ಪೆನ್ನು ಎತ್ತಿಕೊಂಡು, ‘ಎಲ್ಲಿ ಸಹಿ ಮಾಡ್ಬೇಕ್ರಿ?’ ಎಂದ.

ಆ ಖೋಲಿಯನ್ನು ನಾನೇ ಹೊಂದಿಸಿದೆ. ತಾಯಿಯ ಮಂಚ ನಡುವೆ. ವೈಜಿನಾಥನಿಗೆ ಗೋಡೆಯ ಕಡೆ, ಶಿವರಾಜನಿಗೆ ಬಾಗಿಲ ಕಡೆ. ಹೆಣ್ಣುಮಕ್ಕಳಿಗೆ ತಾಯಿಯ ಕಾಲ ಬಳಿ ಎರಡು ಗಾದಿ. ಮನೆಗೆ ಹೋದರೂ ಊಟ ಸೇರಲಿಲ್ಲ. ಜಗಳವಾಗಿ, ಆಪರೇಶನ್ನಿನ ಮುಂಚಿನ ರಾತ್ರಿ ಆ ತಾಯಿಗೆ ಏನಾದರೂ ಆದರೆ ಅದಕ್ಕೂ ನಾನೇ ಹೊಣೆ. ಬೇರೆಯವರ ಮನೆತನದ ಗಾಯಕ್ಕೆ ಕೈ ಹಾಕಲು ಕೌಂಟರಿನವಳು ಯಾರು?

ಬೆಳಿಗ್ಗೆ ಐವರೂ ದವಾಖಾನೆಗೆ ಹೊರಟರು. ಸುನಂದಾ ಹಿಂದೆ ಉಳಿದು, ‘ಯಾರೂ ಮಾತಾಡಲಿಲ್ರಿ. ಆದ್ರ ಅವ್ವ ನಿದ್ದಿ ಮಾಡಿದಳು’ ಎಂದಳು.

ಆಪರೇಶನ್ನು ಚೆನ್ನಾಗಿ ಆಯಿತು. ಎರಡನೆಯ ದಿನ ನಾನು ಶಿವರಾಜನಿಗೆ, ‘ಒಂದು ಖೋಲಿ ಖಾಲಿ ಆಗ್ಯದರಿ, ಬೇಕಂದ್ರ...’ ಎಂದೆ. ಅವನು ಹಲಗೆಯ ಕಡೆ ನೋಡದೆ, ‘ಇರ್ಲಿ ಬಿಡ್ರಿ’ ಎಂದು ಹೋದ. ದವಾಖಾನೆಯಲ್ಲಿ ತಾಯಿಯ ಹತ್ತಿರ ಅಣ್ಣ ತಮ್ಮ ಪಾಳಿಯಂತೆ ಕೂರುತ್ತಿದ್ದರು. ಡಾಕ್ಟರು ಹೇಳಿದ್ದನ್ನು ಒಬ್ಬ ಸುನಂದಾಗೆ ಹೇಳುವುದು, ಅವಳು ಇನ್ನೊಬ್ಬನಿಗೆ ಹೇಳುವುದು. ಹೀಗೆ ಎಂಟು ದಿನ ನಡೆಯಿತು.

ಒಂಬತ್ತನೆಯ ದಿನ ತಾಯಿಯನ್ನು ಬಿಟ್ಟರು. ಭಾಲ್ಕಿಗೆ ಹೋಗುವ ಮುನ್ನ ನಮ್ಮ ಕೌಂಟರಿನ ಮುಂದಿನ ಕುರ್ಚಿಯಲ್ಲಿ ಕೂರಿಸಿದರು. ಮೈ ಇಳಿದು ಅರ್ಧದಷ್ಟು ಆಗಿದ್ದರು, ಕಣ್ಣು ಮಾತ್ರ ಹಾಗೆಯೇ. ಹೆಣ್ಣುಮಕ್ಕಳಿಬ್ಬರೂ ವಾಹನ ಕರೆಯಲು ರಸ್ತೆಗೆ ಹೋಗಿದ್ದರು. ವೈಜಿನಾಥ ಗುಳಿಗೆಗಳನ್ನು ಕೌಂಟರಿನ ಮೇಲೆ ಹರಡಿ ಚೀಟಿಯೊಂದಿಗೆ ಹೊಂದಿಸುತ್ತಿದ್ದ. ಕನ್ನಡಕ ಮೇಲೆ ಮಾಡಿದ, ಕೆಳಗೆ ಮಾಡಿದ. ಬಾಗಿಲ ಕಡೆ ನೋಡಿದ, ಸುನಂದಾ ಇನ್ನೂ ಬಂದಿರಲಿಲ್ಲ. ತಲೆ ಎತ್ತದೆ ಕೇಳಿದ.

‘ಈ ಬಿಳಿ ಗುಳಿಗಿ ಊಟದ ಮುಂಚೆನೋ, ಊಟಾದ ಮ್ಯಾಲೋ?’

ಕೇಳಿದ್ದು ಯಾರನ್ನೆಂದು ಹೇಳಲಿಲ್ಲ. ನನಗಂತೂ ಅದು ಗೊತ್ತಿರಲಿಲ್ಲ. ಕಂಬಕ್ಕೆ ಒರಗಿದ್ದ ಶಿವರಾಜ ನೆಟ್ಟಗೆ ನಿಂತ.

‘ಊಟಾದ ಮ್ಯಾಲ, ಅಣ್ಣಾ’ ಎಂದ.

ಕುರ್ಚಿಯಲ್ಲಿ ಕಣ್ಣು ಮುಚ್ಚಿದ್ದ ಭಾಗೀರಥಿಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಆಮೇಲೆ ಕಣ್ಣು ತೆರೆಯದೆಯೇ ಹೇಳಿದರು.

‘ಇನ್ನೊಮ್ಮಿ ಹೇಳ್ರಪಾ, ಇಬ್ರೂ. ನಾ ಮರೀತೇನಿ.’

ಅಣ್ಣ ಮತ್ತೆ ಕೇಳಿದ. ತಮ್ಮ ಮತ್ತೆ ಹೇಳಿದ.